ಏಳನೇ ನಂಬರಿನ ಪ್ಲೇಟು

ಜನವರಿ ೬, ಸೋಮವಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತಕ್ಷರ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ನಾಲ್ಕನೇ ತರಗತಿಯಲ್ಲಿ ಗೊತ್ತಿದ್ದಷ್ಟೇ ಈಗಲೂ ಗೊತ್ತು. ಇದನ್ನು ನಾನಲ್ಲದೆ ಬೇರೆಯವರು ಓದುವುದಿಲ್ಲ. ಹಾಗಾಗಿ ಕ್ಷಮೆ ಕೇಳಬೇಕಾಗಿರುವುದು ಈ ಪುಸ್ತಕವನ್ನೇ. ಗೆರೆ ಎಳೆದ ಇಷ್ಟು ಒಳ್ಳೆಯ ಕಾಗದ ನನ್ನ ಕೈಗೆ ಬಂದದ್ದು ಅದರ ಹಣೆಬರಹ.

ಕೊಟ್ಟವನು ತಮ್ಮ. ನಿನ್ನೆ ರಜೆ ಮುಗಿಸಿಕೊಂಡು ಗಡಿಗೆ ಹೊರಟ. ಬಸ್ಸು ಹತ್ತುವ ಮೊದಲು ಚೀಲಕ್ಕೆ ಕೈ ಹಾಕಿ ಇದನ್ನು ತೆಗೆದು, "ನಿನ್ ಬಾಯಿಂದ ಮಾತು ಹೊರಡಿಸೋದು ನನ್ ಕೈಲಾಗ್ಲಿಲ್ಲ. ಇದ್ರಲ್ಲಾದ್ರೂ ಬರಿ ಅಕ್ಕ" ಎಂದ. ಅಮ್ಮ ತೀರಿಕೊಂಡಾಗ ಅವನಿಗೆ ಐದು ವರ್ಷ, ನನಗೆ ಹತ್ತು. ಅವನನ್ನು ನೋಡಿಕೊಳ್ಳಲು ನಾನು ಶಾಲೆ ಬಿಟ್ಟೆ, ಮಾರನೆಯ ವರ್ಷ ಅದೇ ಶಾಲೆಗೆ ಅವನನ್ನು ಸೇರಿಸಿದೆ. ಈಗ ಮನೆಯಲ್ಲಿ ನಾನು, ಅಪ್ಪ. ಅಪ್ಪ ಮೂವತ್ತು ವರ್ಷ ಕಲ್ಲು ಒಡೆಯುವ ಯಂತ್ರದ ಪಕ್ಕ ನಿಂತು ಕಿವಿ ಕಳೆದುಕೊಂಡಿದ್ದಾರೆ. ಅವರಿಗೆ ಕೂಗಿ ಹೇಳಬೇಕು, ನನಗೆ ಕೂಗಲು ಬರುವುದಿಲ್ಲ. ಕೂಗುತ್ತಿದ್ದವನು ತಮ್ಮ. ಇವತ್ತು ಬೆಳಗಿನಿಂದ ಮನೆ ಎಷ್ಟು ಮೌನವಾಗಿದೆಯೆಂದರೆ ಗೋಡೆ ಗಡಿಯಾರವೇ ಮನೆಯ ಯಜಮಾನನಂತೆ ಮಾತಾಡುತ್ತಿದೆ.

ಕೆಲಸದ ವಿಷಯವನ್ನೂ ಬರೆದಿಡುತ್ತೇನೆ. ಸೈನಿಕರು ತೊಡುವ, ಗುಂಡು ತಡೆಯುವ ಜಾಕೆಟ್ಟಿನ ಕಾರ್ಖಾನೆ ನಮ್ಮದು. ಒಂದು ಜಾಕೆಟ್ಟಿಗೆ ಎರಡು ಪ್ಲೇಟು, ಎದೆಗೊಂದು, ಬೆನ್ನಿಗೊಂದು. ನೋಡಲು ಬಾಗಿದ ದಪ್ಪ ಹಂಚಿನ ಹಾಗಿರುತ್ತದೆ. ಸುಟ್ಟ ಮಣ್ಣಿನ ಜಾತಿಯದೇ, ಆದರೆ ಕಬ್ಬಿಣಕ್ಕಿಂತ ಗಟ್ಟಿ ಎನ್ನುತ್ತಾರೆ. ಗೂಡಿನಿಂದ ಹೊರಬರುವಾಗ ಕೆಲವಕ್ಕೆ ಒಳಗೊಳಗೇ ಕೂದಲೆಳೆಯಷ್ಟು ಬಿರುಕು ಬಿದ್ದಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಪ್ಲೇಟನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಮರದ ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ಒಳ್ಳೆಯದು ಟಣ್ ಎಂದು ಉದ್ದಕ್ಕೆ ಎಳೆಯುತ್ತದೆ, ಬಿರುಕಿರುವುದು ಟಕ್ ಎಂದು ಬಾಯಿ ಮುಚ್ಚುತ್ತದೆ. ನೂರಕ್ಕೆ ಎರಡೋ ಮೂರೋ ಹಾಗೆ ಸಿಗುತ್ತವೆ. ಅವನ್ನು ಪಕ್ಕಕ್ಕಿಡುವುದು ನನ್ನ ಕೆಲಸ. ಮಡಕೆ ಕೊಳ್ಳುವಾಗ ಅಮ್ಮ ಮಾಡುತ್ತಿದ್ದುದೂ ಇದನ್ನೇ. ಬಾಯಿ ಬೇಡದ, ಕಿವಿಯೊಂದೇ ಬೇಕಾದ ಕೆಲಸ. ನನಗೆಂದೇ ಹುಟ್ಟಿದ್ದು.

ನಾನು ಪಾಸು ಮಾಡಿದ ಪ್ಲೇಟಿಗೆ ನನ್ನ ನಂಬರು ಏಳು ಮತ್ತು ಆ ದಿನದ ತಾರೀಕು ಬೀಳುತ್ತದೆ. ಪಕ್ಕದ ಕೋಣೆಯಲ್ಲಿ ಅದಕ್ಕೆ ಬಟ್ಟೆ ಸುತ್ತಿ, ಅಂಟು ಹಾಕಿ ಬೇಯಿಸುತ್ತಾರೆ, ಅದೇ ನಂಬರು, ತಾರೀಕನ್ನು ಹೊರಗೂ ಒತ್ತುತ್ತಾರೆ. ಒಮ್ಮೆ ಬೆಂದ ಮೇಲೆ ಒಳ್ಳೆಯದೂ ಕೆಟ್ಟದ್ದೂ ಒಂದೇ ತರಹ ದಪ್ ಎನ್ನುತ್ತವೆ. ಅಲ್ಲಿಂದ ಮುಂದೆ ದೇವರಿಗೇ ಗೊತ್ತು, ಇಲ್ಲವೆಂದರೆ ಬೇರೆ ಊರಿನಲ್ಲಿರುವ, ಒಳಗಿನ ಬಿರುಕು ತೋರಿಸುವ ಫೋಟೋ ಯಂತ್ರಕ್ಕೆ ಗೊತ್ತು. ಅಲ್ಲಿಗೆ ನೂರಕ್ಕೆ ಒಂದನ್ನು ಮಾತ್ರ ಕಳಿಸುತ್ತಾರೆ.

ಈ ಪ್ಲೇಟುಗಳು ಯಾರ್ಯಾರಿಗೆ ಹೋಗುತ್ತವೋ, ನನಗೇನು. ತಮ್ಮನಿಗೊಂದು ಒಳ್ಳೆಯದು ಸಿಕ್ಕರೆ ಸಾಕು.

ಜನವರಿ ೧೧, ಶನಿವಾರ

ಶನಿವಾರ ನನಗೆ ತಟ್ಟುವ ಕೆಲಸವಿಲ್ಲ, ಕಾರ್ಖಾನೆಯ ಗಾಜಿನ ಬೀರುವಿನ ದೂಳು ಒರೆಸುವ ದಿನ. ಅದರ ಬೀಗದ ಕೈ ನನ್ನ ಹತ್ತಿರವಿರುತ್ತದೆ. ಮಾತಾಡದವಳು ಸಾಮಾನು ಒಡೆಯುವುದಿಲ್ಲ ಎಂದು ನಮ್ಮ ಮೇಸ್ತ್ರಿಯವರ ನಂಬಿಕೆ.

ಮೇಸ್ತ್ರಿಯವರು ಹಿಂದೆ ಸೈನ್ಯದಲ್ಲಿದ್ದವರು. ಒಂದು ಕಾಲು ಎಳೆದು ನಡೆಯುತ್ತಾರೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ಕಬ್ಬಿಣದಜ್ಜ ಎನ್ನುತ್ತಾರೆ. ಯಾಕೆಂದರೆ ಯಾರೇ ನೋಡಲು ಬರಲಿ, ಬೀರುವಿನ ಮುಂದೆ ನಿಲ್ಲಿಸಿ ಕಬ್ಬಿಣದ ಗುಣಗಾನ ಮಾಡುತ್ತಾರೆ. ಇವತ್ತು ನೋಡಲು ಯಾರೂ ಬಂದಿರಲಿಲ್ಲ. ಆದರೂ ನನಗೇ ಎಲ್ಲವನ್ನೂ ಮೊದಲಿನಿಂದ ಹೇಳಿದರು. ಮೇಲಿನ ಅಂತಸ್ತಿನಲ್ಲಿ ಕಬ್ಬಿಣದ ಪಟ್ಟಿ ಹೊಡೆದ ತೊಗಲಿನ ಟೊಪ್ಪಿ, ಅದರ ಪಕ್ಕ ಸಣ್ಣ ಸಣ್ಣ ಬಳೆ ಹೆಣೆದು ಮಾಡಿದ ಕಬ್ಬಿಣದ ಅಂಗಿ. ಅದನ್ನು ಎತ್ತಿದಾಗಲೆಲ್ಲ ತಮ್ಮ ಐದು ವರ್ಷದವನಿದ್ದಾಗಿನ ಭಾರ ನೆನಪಾಗುತ್ತದೆ. ಕತ್ತಿಗೆ ಅದು ಬಗ್ಗುತ್ತಿರಲಿಲ್ಲವಂತೆ. ಆಮೇಲೆ ಬಂದೂಕು ಬಂತು. ಗುಂಡು ತಡೆಯುವಷ್ಟು ದಪ್ಪದ ಕಬ್ಬಿಣ ತೊಟ್ಟರೆ ಮನುಷ್ಯ ನಡೆಯಲಾರ, ನಡೆಯುವಷ್ಟು ತೆಳ್ಳಗಿನದು ಗುಂಡು ತಡೆಯಲಾರದು. ಅದಕ್ಕೇ ಎಲ್ಲವನ್ನೂ ಬಿಸಾಕಿದರು. ಆಮೇಲೆ ತಲೆಮಾರುಗಟ್ಟಲೆ ಸೈನಿಕ ಬರೀ ಬಟ್ಟೆಯಲ್ಲಿ ಸತ್ತ ಎಂದರು ಮೇಸ್ತ್ರಿ.

ಎರಡನೆಯ ಅಂತಸ್ತಿನಲ್ಲಿ ತಟ್ಟೆ ಬೋರಲು ಹಾಕಿದಂಥ ಕಬ್ಬಿಣದ ಟೊಪ್ಪಿ ಇದೆ. ಕಂದಕದಲ್ಲಿ ಕೂತವರ ತಲೆಯ ಮೇಲೆ ಸಿಡಿದ ಚೂರು ಮಳೆಯಂತೆ ಬೀಳತೊಡಗಿದಾಗ ಕಬ್ಬಿಣಕ್ಕೆ ಮತ್ತೆ ಕರೆ ಬಂತು. ಮೂರನೆಯದು ಆಳವಾದ ಬಟ್ಟಲಿನಂಥದು, ಮೇಸ್ತ್ರಿಯವರೇ ತೊಟ್ಟಿದ್ದು. ಅದರಲ್ಲಿ ನೀರು ಕಾಯಿಸಿದ್ದಾರೆ, ಗಡ್ಡ ಹೆರೆದುಕೊಂಡಿದ್ದಾರೆ, ಈರುಳ್ಳಿ ತಂದಿದ್ದಾರೆ, ಬೋರಲು ಹಾಕಿ ಕೂತೂ ಇದ್ದಾರೆ. ಕೊನೆಯದು ಈಗಿನದು. ಅದು ಕಬ್ಬಿಣವೇ ಅಲ್ಲ, ಗಟ್ಟಿ ನೂಲನ್ನು ಪದರ ಪದರ ಒತ್ತಿ ಮಾಡಿದ್ದು. ಒಲೆಯ ಮೇಲಿಟ್ಟರೆ ಅಲ್ಲೇ ಹಾಳು. ಕಿವಿಯ ಹತ್ತಿರ ಎತ್ತರಕ್ಕೆ ಕತ್ತರಿಸಿದ್ದಾರೆ. ಮೂರನೆಯದು ಕಿವಿಯ ಅರ್ಧ ಮುಚ್ಚುತ್ತಿತ್ತಂತೆ. ತಲೆ ಉಳಿಯುತ್ತಿತ್ತು, ಆದರೆ ಹಿಂದಿನಿಂದ ಬಂದವನ ಹೆಜ್ಜೆ ಕೇಳುತ್ತಿರಲಿಲ್ಲ.

ಮೇಸ್ತ್ರಿಯವರ ಟೊಪ್ಪಿಯ ಬಲಗಡೆ ಹೆಬ್ಬೆರಳು ಕೂರುವಷ್ಟು ತಗ್ಗಿದೆ. ಅದರ ಮೇಲೆ ಬೆರಳಾಡಿಸಿ, "ಕಬ್ಬಿಣ ಸುಳ್ಳು ಹೇಳಲ್ಲಮ್ಮ. ಏಟು ಬಿದ್ರೆ ತೋರಿಸುತ್ತೆ. ಈ ಹೊಸದೆಲ್ಲ ಒಳಗೆ ಸತ್ತಿದ್ರೂ ಮುಖ ಮಾತ್ರ ಮದುವೆಗೆ ಹೊರಟ ಹಾಗೆ" ಎಂದರು.

ಹೊಲಿಗೆ ವಿಭಾಗದ ರೇಡಿಯೋ ಅಕ್ಕ (ಮುಂಜಾನೆ ಹಚ್ಚಿದರೆ ಸಂಜೆಯವರೆಗೆ ಆರುವುದಿಲ್ಲ, ಅದಕ್ಕೇ ಆ ಹೆಸರು) ಅಲ್ಲಿಂದಲೇ, ಹಾಗಾದರೆ ನಮ್ಮ ಮನೆಯ ಯಜಮಾನರ ತಲೆಯೂ ಹೊಸ ಮಾದರಿಯದೇ ಎಂದಳು. ನಗು ತಡೆಯಲು ನಾನು ಬೀರುವಿನೊಳಗೆ ತಲೆ ಹಾಕಬೇಕಾಯಿತು.

ಜನವರಿ ೧೯, ಭಾನುವಾರ

ತಮ್ಮ ಫೋನು ಮಾಡಿದ್ದ. ಅವರ ಠಾಣೆ ಬೆಟ್ಟದ ಮೇಲಿದೆ. ಸಿಗ್ನಲ್ಲು ಸಿಗುವ ಜಾಗಕ್ಕೆ ಭಾನುವಾರ ಮಾತ್ರ ಇಳಿಯುತ್ತಾರೆ. ಹೊಸ ಜಾಕೆಟ್ಟು ಬರುತ್ತವೆಯಂತೆ, ನಮ್ಮ ಕಾರ್ಖಾನೆಯವೇ. ಈಗಿರುವ ಹಳೆಯವಕ್ಕೆ ಒಳಗೆ ಉಕ್ಕಿನ ಹಾಳೆ. ಅದನ್ನು ತೊಟ್ಟು ಬೆಟ್ಟ ಹತ್ತುವುದೆಂದರೆ ಮನೆಯ ಬಾಗಿಲು ಕಳಚಿ ಹೊತ್ತ ಹಾಗೆ ಎಂದ. ನನ್ನ ನಂಬರು ಕೇಳಿದ. ಏಳು ಎಂದೆ. ಹುಡುಕುತ್ತೇನೆ ಎಂದ. ಹುಚ್ಚ.

ಅಪ್ಪ ಪಕ್ಕದಲ್ಲಿ ಕೂತು ಏನಂತೆ, ಏನಂತೆ ಎಂದು ಕೇಳುತ್ತಲೇ ಇದ್ದರು. ಹೆಬ್ಬೆರಳು ಎತ್ತಿ ತೋರಿಸಿದೆ. ಅವರಿಗೆ ಅಷ್ಟೇ ಸಾಕಾಗುತ್ತದೆ, ಅಥವಾ ಸಾಕು ಎಂದುಕೊಂಡಿದ್ದಾರೆ.

ಜನವರಿ ೨೨, ಬುಧವಾರ

ನೆಗಡಿ. ಎಡಗಿವಿ ಕಟ್ಟಿದೆ. ಮಧ್ಯಾಹ್ನದ ಮೇಲೆ ತಲೆ ವಾಲಿಸಿ ಬಲಗಿವಿಯಲ್ಲಿ ಕೇಳಿದೆ. ತಿಂಗಳ ಕೊನೆಗೆ ಲಾರಿ ಹೊರಡಬೇಕು, ಇನ್ನೊಬ್ಬ ತಟ್ಟುವವಳು ಹೆರಿಗೆಗೆ ಹೋಗಿದ್ದಾಳೆ. ನಾನು ಎದ್ದರೆ ಮೇಜೇ ಖಾಲಿ. ಮೇಸ್ತ್ರಿಯವರಿಗೆ ಹೇಳೋಣವೆಂದು ಎರಡು ಸಲ ಹತ್ತಿರ ಹೋದೆ. ಅವರು ಏನು ಎಂಬಂತೆ ಹುಬ್ಬು ಎತ್ತಿದರು. ನೀರು ಕುಡಿಯಲು ಬಂದೆ ಎಂದು ನೀರು ಕುಡಿದು ಬಂದೆ.

ಜನವರಿ ೨೪, ಶುಕ್ರವಾರ

ಎರಡೂ ಕಿವಿ ಮುಚ್ಚಿವೆ, ನಿನ್ನೆಯಿಂದ. ನೀರಿನೊಳಗೆ ಕೂತ ಹಾಗಿದೆ. ಎಲ್ಲವೂ ಒಂದೇ ಸದ್ದು. ಬೆರಳಿಗೆ ನಡುಕ ಸಿಗುತ್ತದೆ, ಅದರಲ್ಲೇ ಗೊತ್ತಾಗುತ್ತದೆ ಎಂದುಕೊಂಡೆ. ಗೊತ್ತಾಗುವುದಿಲ್ಲ.

ಒಂದನ್ನೂ ತೆಗೆಯದಿದ್ದರೆ ಅನುಮಾನ ಬರುತ್ತದೆ. ಅದಕ್ಕೆ ನಿನ್ನೆ ನಾಲ್ಕು, ಇವತ್ತು ಐದು, ಕೈಗೆ ಸಿಕ್ಕಿದ್ದನ್ನು ಪಕ್ಕಕ್ಕಿಟ್ಟೆ.

ಅಪ್ಪನಿಗೆ ಹೀಗೇ ಶುರುವಾಗಿತ್ತಾ? ಕೇಳಲು ಆಗಲಿಲ್ಲ. ಕೂಗಬೇಕಲ್ಲ.

ಜನವರಿ ೨೭, ಸೋಮವಾರ

ಬೆಳಿಗ್ಗೆ ಬಿಸಿನೀರಿನ ಹಬೆ ತೆಗೆದುಕೊಳ್ಳುತ್ತಿದ್ದಾಗ ಬಲಗಿವಿ ಪಟ್ ಎಂದಿತು, ಆಮೇಲೆ ಎಡಗಿವಿ. ಲೋಟ ಇಟ್ಟ ಸದ್ದು, ಬೀದಿಯ ಸೈಕಲ್ಲಿನ ಗಂಟೆ, ಅಪ್ಪನ ಉಸಿರು, ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು. ಖುಷಿಗೆ ಅಳು ಬಂತು. ಖುಷಿ ಕಾರ್ಖಾನೆಯ ಗೇಟಿನವರೆಗೆ ಮಾತ್ರ.

ಪಕ್ಕಕ್ಕಿಟ್ಟ ಒಂಬತ್ತು ಪ್ಲೇಟು ಮೇಜಿನ ಕೆಳಗೇ ಇದ್ದವು. ಒಂದೊಂದಾಗಿ ತಟ್ಟಿದೆ. ಒಂಬತ್ತೂ ಟಣ್ ಎಂದವು. ಎಷ್ಟು ಉದ್ದಕ್ಕೆ ಎಳೆದವೆಂದರೆ ನನ್ನನ್ನು ಅಣಕಿಸಿದ ಹಾಗಾಯಿತು. ಹಾಗಾದರೆ ಕೆಟ್ಟವು ಎಲ್ಲಿ?

ಅಂಟಿನ ಕೋಣೆಗೆ ಓಡಿದೆ. ಬುಧವಾರ ಮಧ್ಯಾಹ್ನದಿಂದ ಶುಕ್ರವಾರದವರೆಗಿನ ನಾನೂರ ಹದಿನೆಂಟು ಪ್ಲೇಟುಗಳಿಗೆ ಬಟ್ಟೆ ಸುತ್ತಿ ಬೇಯಿಸಿಯಾಗಿತ್ತು. ಯಾರೂ ಇಲ್ಲದಾಗ ಹತ್ತು ತಟ್ಟಿ ನೋಡಿದೆ. ದಪ್, ದಪ್, ದಪ್.

ನೂರಕ್ಕೆ ಎರಡೂವರೆ ಎಂದರೆ ಹತ್ತು. ಹತ್ತು ಎದೆ, ಇಲ್ಲವೆ ಹತ್ತು ಬೆನ್ನು.

ಜನವರಿ ೩೦, ಗುರುವಾರ

ಲಾರಿ ಹೊರಟಿತು. ಮೂರು ದಿನವೂ ಹೇಳಬೇಕೆಂದೇ ಹೋದೆ. ಮೊನ್ನೆ ಮೇಸ್ತ್ರಿಯವರು ಲೆಕ್ಕದವರ ಜತೆಯಲ್ಲಿದ್ದರು, ನಿನ್ನೆ ಬೀರುವಿನ ಮುಂದೆ ನಿಂತು ಬಂದವರಿಗೆ ತಮ್ಮ ಟೊಪ್ಪಿಯ ತಗ್ಗು ತೋರಿಸುತ್ತಿದ್ದರು. ಇವತ್ತು ಒಬ್ಬರೇ ಇದ್ದರು. ನಾನು ಎದುರು ನಿಂತೆ. ರೇಡಿಯೋ ಅಕ್ಕ ಹಾದು ಹೋಗುತ್ತ, "ಬಾಯಿಗೆ ಹಾಕಿದ್ ಬೀಗದ ಕೈ ಎಲ್ಲಿ ಕಳ್ಕೊಂಡ್ಯೇ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ. ಹೊರಗೆ ಲಾರಿಯ ಹಿಂಬಾಗಿಲು ಹಾಕಿದ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು.

ಫೆಬ್ರವರಿ ೫

ಏನೂ ಇಲ್ಲ. ತಟ್ಟಿದೆ, ಉಂಡೆ, ಮಲಗಿದೆ. ಅವನಿಗೆ ಏಳನೇ ನಂಬರು ಸಿಗದಿರಲಿ.

ಫೆಬ್ರವರಿ ೧೬, ಭಾನುವಾರ

ಸಿಕ್ಕಿದೆ.

ಅವನ ಧ್ವನಿಯಲ್ಲಿ ಶಾಲೆಯಲ್ಲಿ ಬಹುಮಾನ ಬಂದಾಗಿನ ಸಂಭ್ರಮ. ಉಗ್ರಾಣದಲ್ಲಿ ಒಂದೊಂದು ಪ್ಲೇಟನ್ನೂ ತಿರುಗಿಸಿ ನೋಡಿದನಂತೆ. ಉಗ್ರಾಣದವನು ಬೈದನಂತೆ. ಅವನ ಬದಲು ಎರಡು ಸರದಿ ಕಾವಲು ಕಾಯುತ್ತೇನೆಂದು ಒಪ್ಪಿಸಿ, ಏಳನೇ ನಂಬರಿನದನ್ನು ಎದೆಯ ಕಡೆಗೆ ಹಾಕಿಸಿಕೊಂಡಿದ್ದಾನೆ. ಹಗುರವಾಗಿದೆ ಅಕ್ಕ, ಬಾಗಿಲಲ್ಲ, ಕಿಟಕಿ ಹೊತ್ತ ಹಾಗಿದೆ ಎಂದ. ನಾನು ತಾರೀಕು ಕೇಳಿದೆ. ಓದಿದ. ಇಪ್ಪತ್ತನಾಲ್ಕು.

ಅದು ಬೇಡ, ಬದಲಾಯಿಸಿಕೋ ಎಂದೆ. ಅವನು ನಕ್ಕ. "ನಿನ್ ಕೈ ಮೇಲೆ ನಿಂಗೇ ನಂಬಿಕೆ ಇಲ್ವಾ?" ಎಂದ. ಕಿವಿ ಕಟ್ಟಿತ್ತು ಎಂದೆ. ಯಾರ ಕಿವಿ, ಅಪ್ಪನದಾ, ಡಾಕ್ಟರಿಗೆ ತೋರಿಸು ಎಂದ. ಉಳಿದದ್ದನ್ನು ಹೇಳಲು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅವನ ಹಿಂದೆ ಯಾರೋ ಸೀಟಿ ಊದಿದರು, ಹೊರಟೆ ಎಂದು ಫೋನು ಇಟ್ಟ.

ಅಪ್ಪ ಏನಂತೆ ಎಂದರು. ಹೆಬ್ಬೆರಳು ಎತ್ತಿದೆ.

ಫೆಬ್ರವರಿ ೧೭, ಸೋಮವಾರ

ಹೇಳಿದೆ. ಹೇಳಿದೆ ಎನ್ನುವುದು ತಪ್ಪು. ಬೀರುವಿನ ಹತ್ತಿರ ಮೇಸ್ತ್ರಿಯವರು ಒಬ್ಬರೇ ಇದ್ದಾಗ ಈ ಪುಸ್ತಕವನ್ನು ಜನವರಿ ೨೪ಕ್ಕೆ ತೆರೆದು ಅವರ ಕೈಗೆ ಕೊಟ್ಟೆ. ಅಕ್ಷರಕ್ಕೆ ಕ್ಷಮಿಸಿ ಎಂಬ ಮಾತೊಂದೇ ಬಾಯಿಂದ ಬಂತು. ಅವರು ಪುಸ್ತಕವನ್ನು ದೂರ ಹಿಡಿದು ಓದಿದರು. ಹಾಳೆ ತಿರುಗಿಸಿದರು, ೨೭ನ್ನೂ ಓದಿದರು.

"ಅಕ್ಷರ ಚೆನ್ನಾಗೇ ಇದೆ" ಎಂದರು. "ಓದಿಸ್ಕೊಂಡ್ ಹೋಗುತ್ತೆ. ಅದೇ ಕಷ್ಟ."

ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಆ ಬುಧವಾರ ನಾನು ತಲೆ ವಾಲಿಸಿಕೊಂಡು ತಟ್ಟುವುದನ್ನು ಅವರು ನೋಡಿದ್ದರಂತೆ. ಲಾರಿಯ ಅವಸರದಲ್ಲಿ ಕೇಳಲಿಲ್ಲವಂತೆ. ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ತಮಗೆ ತಾವೇ ಹೇಳಿಕೊಂಡರೋ ಗೊತ್ತಾಗಲಿಲ್ಲ.

ಇಬ್ಬರೂ ಮ್ಯಾನೇಜರ ಕೋಣೆಗೆ ಹೋದೆವು. ಅವರು ಕೂಗಾಡುತ್ತಾರೆಂದು ಹೆದರಿದ್ದೆ. ಕೂಗಾಡಲಿಲ್ಲ, ಕನ್ನಡಕ ತೆಗೆದು ಮುಖ ಉಜ್ಜಿಕೊಂಡರು. ನಾನೂರ ಹದಿನೆಂಟು ಪ್ಲೇಟು ಹನ್ನೊಂದು ಠಾಣೆಗೆ ಹಂಚಿಹೋಗಿವೆ. ಸೈನ್ಯದ ಕಚೇರಿಗೆ ಫೋನು ಮಾಡಿದರು. ಬರವಣಿಗೆಯಲ್ಲಿ ಕೊಡಿ ಎಂದರಂತೆ. ಕೊಟ್ಟರು. ಕೆಳಗೆ ನನ್ನ ಸಹಿ, ಮೇಸ್ತ್ರಿಯವರ ಸಹಿ. ಉತ್ತರ ಬರುವವರೆಗೆ ಕಾಯಬೇಕು. ಅಲ್ಲಿಯವರೆಗೆ ಸುತ್ತಿಗೆ ನನ್ನ ಕೈಯಲ್ಲಿರಬಾರದು. ಪೊರಕೆ ಕೊಟ್ಟರು. ಮನೆಗೆ ಕಳಿಸಲಿಲ್ಲವೆಂದರೆ ಅದಕ್ಕೆ ಮೇಸ್ತ್ರಿಯವರೇ ಕಾರಣ.

ಫೆಬ್ರವರಿ ೨೩, ಭಾನುವಾರ

ಈ ಸಲ ಫೋನು ಹಿಡಿದು ಬೀದಿಗೆ ಹೋಗಿ ನಿಂತೆ. ಅವನು ಹಲೋ ಎನ್ನುವ ಮೊದಲೇ ಎಲ್ಲವನ್ನೂ ಹೇಳಿದೆ, ನೆಗಡಿ, ಎರಡು ಕಿವಿ, ಸುಮ್ಮನೆ ಪಕ್ಕಕ್ಕಿಟ್ಟ ಒಂಬತ್ತು, ಎಲ್ಲ. ಎದುರು ಮನೆಯಾಕೆ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನೋಡಿದಳು. ಸಿಗ್ನಲ್ಲು ಚೆನ್ನಾಗಿತ್ತೆಂದು ಕಾಣುತ್ತದೆ.

ಅವನು, "ಅಷ್ಟೇ ತಾನೆ? ನಾಳೆ ವಾಪಸ್ ಕೊಟ್ಬಿಡ್ತೀನಿ ಬಿಡು" ಎಂದ. ಚಿಕ್ಕವನಿದ್ದಾಗ ಬಿದ್ದು ಮಂಡಿ ಕೆತ್ತಿಕೊಂಡು ಬಂದರೂ ಹೀಗೇ, ಅಷ್ಟೇ ತಾನೆ ಎನ್ನುತ್ತಿದ್ದ. ರಕ್ತ ಒರೆಸುತ್ತಿದ್ದವಳು ನಾನು.

ಮಾರ್ಚ್ ೧, ಶನಿವಾರ

ಬೀರು ಒರೆಸಿದೆ. ನನ್ನ ಮೇಜಿಗೆ ಹೊಸಬಳು ಬಂದಿದ್ದಾಳೆ, ಎರಡು ಮಕ್ಕಳ ತಾಯಿ. ಕಿವಿ ಚುರುಕು. ಟಕ್ ಎಂದದ್ದನ್ನು ಇಡುವಾಗ ಪ್ರತಿ ಸಲವೂ ಅಯ್ಯೋ ಪಾಪ ಎನ್ನುತ್ತಾಳೆ.

ತೊಗಲಿನ ಟೊಪ್ಪಿಯ ಒಳಗೆ, ಹಣೆ ತಾಗುವ ಕಡೆ, ಕಪ್ಪು ಕಲೆಯಿದೆ. ಬೆವರಿನದು ಎಂದರು ಮೇಸ್ತ್ರಿ. ಇಷ್ಟು ದಿನ ಒರೆಸಿದ್ದೇನೆ, ಇದರೊಳಗೆ ಒಂದು ತಲೆ ಇತ್ತೆಂದು ಇವತ್ತೇ ಹೊಳೆಯಿತು. ಎರಡನೆಯದರಲ್ಲಿಯೂ ಇದೆ. ಮೂರನೆಯದರಲ್ಲಿದ್ದ ತಲೆ ಮಾತ್ರ ನನ್ನ ಪಕ್ಕದಲ್ಲಿ ಚಹಾ ಕುಡಿಯುತ್ತಿತ್ತು.

ಸೈನ್ಯದ ಕಚೇರಿಯಿಂದ ಉತ್ತರ ಬಂದಿಲ್ಲ.

ಮಾರ್ಚ್ ೨, ಭಾನುವಾರ

ತಮ್ಮ ಪ್ಲೇಟು ಬದಲಾಯಿಸಿಕೊಂಡ. ಈಗ ಅವನ ಎದೆಯ ಮೇಲಿರುವುದು ಮೂರನೇ ನಂಬರಿನದು, ಬೇರೊಬ್ಬಳು ತಟ್ಟಿದ್ದು. ಹಾಲು ಕುಡಿದಷ್ಟು ಸಮಾಧಾನವಾಯಿತು. ಹದಿನೈದು ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಅಪ್ಪನಿಗೂ ಎರಡು ಸಲ ಬಡಿಸಿದೆ.

ಪಾತ್ರೆ ತೊಳೆಯುವಾಗ ನೆನಪಾಯಿತು. ನನ್ನ ಪ್ಲೇಟು ಏನಾಯಿತೆಂದು ನಾನು ಕೇಳಿರಲಿಲ್ಲ. ಅವನೇ ಹೇಳಿದ್ದ, ಮಾತಿನ ನಡುವೆ. ಉಗ್ರಾಣದಲ್ಲಿ ಹೆಚ್ಚಿನವು ಇಲ್ಲ, ಹಳೆಯ ಉಕ್ಕಿನವನ್ನು ಆಗಲೇ ಕೆಳಗೆ ಕಳಿಸಿಯಾಗಿದೆ. ಅದಕ್ಕೆ ಠಾಣೆಯ ಅಡುಗೆಯವನ ಮೂರನೇ ನಂಬರಿನದನ್ನು ಇವನಿಗೆ ಕೊಟ್ಟು, ಇವನದನ್ನು ಅಡುಗೆಯವನಿಗೆ ಹಾಕಿದ್ದಾರೆ. ಅಡುಗೆಯವನು ಒಲೆಯ ಮುಂದೆ ತಾನೆ ಇರುವುದು ಎಂದುಕೊಂಡೆ.

ಕೈ ಒರೆಸಿಕೊಂಡು ತಿರುಗಿ ಫೋನು ಮಾಡಿದೆ. ಅದೃಷ್ಟಕ್ಕೆ ಇನ್ನೂ ಕೆಳಗೇ ಇದ್ದ. ಅಡುಗೆಯವನು ಹೊರಗೆ ಹೋಗುತ್ತಾನಾ ಎಂದು ಕೇಳಿದೆ. ದಿನಾ ಎರಡು ಹೊತ್ತು ಮೇಲಿನ ಕಾವಲಿನವರಿಗೆ ಊಟ ಹೊತ್ತುಕೊಂಡು ಹೋಗುತ್ತಾನಂತೆ. ಆ ದಾರಿ ಬಯಲು. ಅವನಿಗೆ ಯಾರಿದ್ದಾರೆ ಎಂದು ಕೇಳಿದೆ. ಯಾಕೆ ಕೇಳಿದೆನೋ. ಗೊತ್ತಿಲ್ಲ, ಕೇಳಿಲ್ಲ ಎಂದ.

ನಾನು ಹೇಳಿದೆ, ನಿಮ್ಮ ಸಾಹೇಬರಿಗೆ ಹೇಳು, ಏಳನೇ ನಂಬರು, ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕು, ಎಲ್ಲವನ್ನೂ ತೆಗೆಸಲಿ ಎಂದು. ಆಗಲೇ ಹೇಳಿದ್ದಾನಂತೆ. ಅವರು ಗದರಲಿಲ್ಲವಂತೆ. ಕಾಗದ ಬರಲಿ, ಬದಲಿ ಪ್ಲೇಟು ಬರಲಿ, ಅಲ್ಲಿಯವರೆಗೆ ಬರೀ ಬಟ್ಟೆಯಲ್ಲಿ ಯಾರನ್ನೂ ಹೊರಗೆ ಕಳಿಸಲಾರೆ ಎಂದರಂತೆ. ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಮಾರ್ಚ್ ೫, ಬುಧವಾರ

ಮ್ಯಾನೇಜರು ಮತ್ತೆ ಫೋನು ಮಾಡಿದರು. ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ. ಯಾರ ಮೇಜಿನ ಮೇಲೆ ಎಂದು ನಾನು ಕೇಳಿದೆ. ಮ್ಯಾನೇಜರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅವರಿಗೂ ಗೊತ್ತಿಲ್ಲ.

ಮೇಸ್ತ್ರಿಯವರು ಹೊರಗೆ ಬಂದು ಹೇಳಿದರು, ಟೊಪ್ಪಿ ಬದಲಾಗಿದೆ, ಜಾಕೆಟ್ಟು ಬದಲಾಗಿದೆ, ಕಾಗದ ನಡೆಯುವ ವೇಗ ಮಾತ್ರ ಆ ಬಳೆಯ ಅಂಗಿ ತೊಟ್ಟುಕೊಂಡ ಕಾಲದ್ದೇ ಎಂದು. ನಗಲು ನೋಡಿದರು. ಆಗಲಿಲ್ಲ.

ಮಾರ್ಚ್ ೯, ಭಾನುವಾರ

ಅವನು ಏಳನೇ ನಂಬರಿನದನ್ನು ವಾಪಸು ತೆಗೆದುಕೊಂಡಿದ್ದಾನೆ.

ಮೊದಲು ಊಟದ ವಿಷಯ ಮಾತಾಡಿದ, ಚಳಿಯ ವಿಷಯ ಮಾತಾಡಿದ. ಇವನು ಏನೋ ಮುಚ್ಚಿಡುತ್ತಿದ್ದಾನೆಂದು ಅಲ್ಲಿಯೇ ಗೊತ್ತಾಯಿತು. ತಟ್ಟಿ ಕೇಳುವುದು ನನ್ನ ಕಸುಬು. ಏನಾಯಿತು ಹೇಳು ಎಂದೆ.

"ನೀನ್ ಕೇಳಿದ್ದಕ್ಕೆ ನಾನೂ ಕೇಳ್ದೆ. ತಾಯಿ ಇದ್ದಾಳಂತೆ, ನಡೆಯೋಕಾಗಲ್ವಂತೆ. ಊಟದ ಡಬ್ಬಿ ಹೊತ್ಕೊಂಡು ಅವನು ಬಯಲು ದಾಟೋದನ್ನ ಎರಡು ದಿನ ನೋಡ್ದೆ ಅಕ್ಕ. ಆಮೇಲೆ ನೋಡಕ್ಕಾಗ್ಲಿಲ್ಲ. ಅವನಿಗೆ ಏನೂ ಹೇಳಿಲ್ಲ. ನಮ್ಮಕ್ಕ ಮಾಡಿದ್ದು, ನಂಗೇ ಬೇಕು ಅಂದೆ. ಅವನು ನಕ್ಕು ಕೊಟ್ಬಿಟ್ಟ."

ಬೇಡ ಎಂದು ನಾಲಿಗೆಯ ತುದಿಗೆ ಬಂತು. ನಾಚಿಕೆಯಿಂದಲ್ಲ ನಾನು ನುಂಗಿಕೊಂಡದ್ದು. ಬೇಡ ಎಂದಿದ್ದರೆ, ಹಾಗಾದರೆ ಯಾರಿಗೆ ಕೊಡಲಿ ಹೇಳು ಎಂದು ಅವನು ಕೇಳುತ್ತಿದ್ದ. ನನ್ನ ಹತ್ತಿರ ಹೆಸರಿರಲಿಲ್ಲ. ನಾನು ಆ ಪ್ರಶ್ನೆ ಕೇಳದೆ ಇದ್ದಿದ್ದರೆ ಅವನೂ ಕೇಳುತ್ತಿರಲಿಲ್ಲ. ಕೇಳಬಾರದಿತ್ತೇ? ಅದೂ ಗೊತ್ತಿಲ್ಲ.

ನೂರರಲ್ಲಿ ತೊಂಬತ್ತೇಳು ಚೆನ್ನಾಗಿರುತ್ತವೆ ಅಂತ ನೀನೇ ಹೇಳಿದ್ದೆಯಲ್ಲ ಎಂದ. ಹೌದು ಎಂದೆ. ಅಷ್ಟೇ ತಾನೆ ಎಂದ.

ಅಪ್ಪ ಏನಂತೆ ಎಂದರು. ಹೆಬ್ಬೆರಳು ಮೇಲೇಳಲಿಲ್ಲ. ಅವರ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಹೇಳಿದೆ, ನಾನು ಮಾಡಿ ಬಂದದ್ದರಿಂದ ಹಿಡಿದು ಅವನು ಮಾಡಿದ್ದರವರೆಗೆ. ಎರಡು ಸಲ ಹೇಳಬೇಕಾಯಿತು. ಅಪ್ಪ ಪೂರ್ತಿ ಕೇಳಿಸಿಕೊಂಡು, ನನ್ನ ಕಿವಿಗಳನ್ನು ತಮ್ಮ ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದರು, ನಾನು ಚಿಕ್ಕವಳಿದ್ದಾಗ ಗುಡುಗು ಬಂದರೆ ಹಿಡಿಯುತ್ತಿದ್ದ ಹಾಗೆ. ಆಮೇಲೆ ಎದ್ದು ಹೋಗಿ ಬಾಗಿಲ ಹೊರಗೆ ಕೂತರು. ಕತ್ತಲಾದರೂ ಒಳಗೆ ಬರಲಿಲ್ಲ.

ಮಾರ್ಚ್ ೧೧, ಮಂಗಳವಾರ

ಉತ್ತರ ಬಂದಿಲ್ಲ.

ಮಾರ್ಚ್ ೧೨, ಬುಧವಾರ

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಉತ್ತರ ಇವತ್ತೂ ಬಂದಿಲ್ಲ. ಬೆಳಿಗ್ಗೆ ನಡೆದ ಒಂದು ಸಣ್ಣ ವಿಷಯ.

ಬಂದವಳೇ ಗುಡಿಸಲು ಹಿಡಿದೆ. ಹೊಸಬಳು ಸೀನಿದಳು. ಮಕ್ಕಳಿಂದ ಅಂಟಿದೆ ಎಂದು ಯಾರಿಗೋ ಹೇಳುತ್ತಿದ್ದಳು. ನಾನು ಗುಡಿಸುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಅವಳು ತಲೆಯನ್ನು ಬಲಕ್ಕೆ ವಾಲಿಸಿ ತಟ್ಟುತ್ತಿದ್ದಾಳೆ. ಪೊರಕೆಯನ್ನು ಗೋಡೆಗೆ ಒರಗಿಸಿ ಹೋಗಿ, ಅವಳ ಕೈಯಿಂದ ಸುತ್ತಿಗೆ ತೆಗೆದುಕೊಂಡೆ.

"ಕಿವಿ ಕಟ್ಟಿದೆ. ಏಳು" ಎಂದೆ.

ಏನಿಲ್ಲ, ಚೂರೇ ಚೂರು, ದಮ್ಮಯ್ಯ ಹೇಳಬೇಡ ಎಂದು ಅವಳು ಪಿಸುಗುಟ್ಟಿದಳು. ಅವಳು ಪಿಸುಗುಟ್ಟಿದ್ದು ಯಾಕೆಂದು ಆಮೇಲೆ ತಿಳಿಯಿತು. ನನ್ನ ಕೂಗಿಗೆ ಹೊಲಿಗೆ ಯಂತ್ರಗಳೆಲ್ಲ ನಿಂತಿದ್ದವು. ರೇಡಿಯೋ ಅಕ್ಕ ಅರ್ಧ ಮಾತಿನಲ್ಲಿ ಬಾಯಿ ತೆರೆದುಕೊಂಡೇ ಇದ್ದಳು. ಮ್ಯಾನೇಜರು ಬಾಗಿಲಿಗೆ ಬಂದಿದ್ದರು. ಎಂದಿನಿಂದ ಎಂದು ಕೇಳಿದೆ. ನಿನ್ನೆ ಮಧ್ಯಾಹ್ನದಿಂದ ಎಂದಳು. ನಿನ್ನೆಯವು ಅಂಟಿನ ಕೋಣೆಯ ಬಾಗಿಲಲ್ಲೇ ಜೋಡಿಸಿದ್ದವು, ಎಂಬತ್ತಾರು, ಇನ್ನೂ ಬಟ್ಟೆ ಸುತ್ತಿರಲಿಲ್ಲ. ಮೇಸ್ತ್ರಿಯವರು ಕಾಲೆಳೆದುಕೊಂಡು ಹೋಗಿ ತಾವೇ ಗಾಡಿ ತಳ್ಳಿಕೊಂಡು ಬಂದರು. ಸುತ್ತಿಗೆ ಕೆಳಗಿಡು ಎಂದು ಯಾರೂ ಹೇಳಲಿಲ್ಲ. ಅವಳಿಗೆ ಚಹಾ ಕೊಡಿ ಎಂದು ನಾನೇ ಹೇಳಿದೆನಂತೆ, ನೆನಪಿಲ್ಲ.

ಕುರ್ಚಿಯಲ್ಲಿ ಕೂತು ಒಂದೊಂದಾಗಿ ಎತ್ತಿ ತಟ್ಟಿದೆ. ಟಣ್, ಟಣ್. ಐವತ್ತು ದಾಟಿತು, ಎಪ್ಪತ್ತು ದಾಟಿತು. ಎಪ್ಪತ್ತೊಂದನೆಯದು ಟಕ್ ಎಂದಿತು. ಇನ್ನೊಮ್ಮೆ ತಟ್ಟಿದೆ. ಟಕ್.

ಯಾರ ಎದೆಗೆ ಹೋಗಬೇಕಿತ್ತೋ. ಪಕ್ಕಕ್ಕಿಟ್ಟೆ.